ಮಡಲು ಒಯ್ಯುವ ಗಾಡಿಗೆ ದುಡ್ಡು ಯಾರದು?

ತೆಂಗಿನ ಮಡಲು (ಸೋಗೆ), ತರಗೆಲೆಯಂಥ ಹಿತ್ತಿಲ ಕಸ ಒಯ್ಯಲು ಮನೆಯವರಿಂದ ಬೇರೆ ಶುಲ್ಕ ತೆಗೆದುಕೊಳ್ಳಬೇಕೇ? ಎರಡು ವಾದಗಳು ಇಲ್ಲಿವೆ.

ಪರ: ಹಿತ್ತಿಲು ಇದ್ದವರೇ ಕೊಡಲಿ

ಆಸ್ತಿ ತೆರಿಗೆಯ ಜೊತೆ ಘನತ್ಯಾಜ್ಯ ಉಪಕರ ಕಟ್ಟಿದ್ದೇವೆ, ಹಿತ್ತಿಲ ಕಸಕ್ಕೆ ಮತ್ತೆ ದುಡ್ಡು ಯಾಕೆ? ಮಂಗಳೂರಿನಲ್ಲಿ ಈ ತಕರಾರು ಎತ್ತುವುದು ಸುಲಭ, ಲೆಕ್ಕಕ್ಕೆ ಕೂತರೆ ಅದು ನಿಲ್ಲುವುದಿಲ್ಲ. ನಮ್ಮ ಎತ್ತರದ ತಳಿಯ ತೆಂಗು ವರ್ಷಕ್ಕೆ 12ರ ಆಸುಪಾಸು ಮಡಲು ಉದುರಿಸುತ್ತದೆ. ಎಂಟು ಮರ ಇದ್ದರೆ ಹತ್ತಿರ ಹತ್ತಿರ 100 ಮಡಲು, ಒಂದೊಂದೂ 15 ಅಡಿಗೆ ಕಡಿಮೆಯಿಲ್ಲ. ಅದರ ಮೇಲೆ ಮಾವು, ಹಲಸಿನ ತರಗೆಲೆ, ಬಾಳೆಯ ದಿಂಡು. ಮೂರನೇ ಮಹಡಿಯ ಫ್ಲ್ಯಾಟಿನವರು ಕೊಡುವುದು ದಿನಕ್ಕೊಂದು ಬಕೆಟ್ ಹಸಿಕಸ. ಎರಡನ್ನೂ ಒಂದೇ ಉಪಕರದಲ್ಲಿ ಒಯ್ಯುವುದೆಂದರೆ ಫ್ಲ್ಯಾಟಿನವರ ದುಡ್ಡಿನಲ್ಲಿ ಪಕ್ಕದ ಹಿತ್ತಿಲು ಗುಡಿಸಿದ ಹಾಗೆ.

ಮನೆಬಾಗಿಲಿಗೆ ಬರುವ ಸಣ್ಣ ಟಿಪ್ಪರಿನ ಡಬ್ಬಿಯಲ್ಲಿ ಹಿಡಿಯುವುದು ಸುಮಾರು 2 ಘನ ಮೀಟರ್. ಮಡಲಿಗೆ ತೂಕ ಕಡಿಮೆ, ಜಾಗ ಜಾಸ್ತಿ. ಎರಡು ಮನೆಯವರು ಮಡಲು ತುಂಬಿಸಿದರೆ ಆ ಬೀದಿಯ ಉಳಿದವರ ಕಸಕ್ಕೆ ಜಾಗವಿಲ್ಲ. ಹಸಿಕಸದೊಳಗೆ ತುರುಕಿ ಕೊಟ್ಟರೆ ತೊಂದರೆ ಮುಂದಕ್ಕೆ ಹೋಗುತ್ತದೆ, ಅಷ್ಟೇ: ಅಡುಗೆಮನೆಯ ಕಸ ಗೊಬ್ಬರವಾದ ಮೇಲೂ ಮಡಲಿನ ದಂಟು ದಂಟಾಗಿಯೇ ಉಳಿದು ಜರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಅಡಿಕೆ ತೋಟಗಳನ್ನು ಮುಚ್ಚಿದ್ದನ್ನು ಕಂಡ ಊರು ಇದು. ಮಣ್ಣಾಗಬಲ್ಲ ಎಲೆಯನ್ನೂ ಅಲ್ಲಿಗೇ ಸಾಗಿಸಬೇಕೆ?

2016ರ ಘನತ್ಯಾಜ್ಯ ನಿಯಮಗಳು ತೋಟದ ಕಸವನ್ನು ಸ್ವಂತ ಜಾಗದಲ್ಲೇ ಬೇರೆ ಇಟ್ಟುಕೊಂಡು, ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಿ ಎಂದವು. ಶುಲ್ಕ ಬೇಡವೆನ್ನುವವರಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ತೋರಿಸಿದ ದಾರಿಯಿದೆ. ಕೊತ್ತಳಿಗೆ (ಮಡಲಿನ ಬುಡದ ದಪ್ಪ ದಂಟು) ಕಡಿದು ತೆಗೆಯಿರಿ. ಉಳಿದದ್ದರ ತೂಕದ ಹತ್ತನೇ ಒಂದು ಪಾಲು ಸೆಗಣಿಯನ್ನು ನೀರಿನಲ್ಲಿ ಕದಡಿ ಚಿಮುಕಿಸಿ, ಎರಡು ಮೂರು ವಾರ ತೇವ ಆರದಂತೆ ಕೊಳೆಯಲು ಬಿಡಿ. ಆಮೇಲೆ ಯೂಡ್ರಿಲಸ್ ಜಾತಿಯ ಎರೆಹುಳು. ರಾಶಿಯೊಳಗೆ ಕೈ ಹಾಕಿದಾಗ ಬಿಸಿ ತಾಗಿದರೆ ಇನ್ನೂ ಕಾಯಬೇಕು, ಅವಸರಪಟ್ಟರೆ ಹುಳು ಸಾಯುತ್ತವೆ. ಮೂರು ತಿಂಗಳೊಳಗೆ ಹಾಕಿದ ತೂಕದ ಸುಮಾರು ಶೇ. 70ರಷ್ಟು ಗೊಬ್ಬರ ಕೈಗೆ ಬರುತ್ತದೆ.

ಅಷ್ಟು ಪುರುಸೊತ್ತಿಲ್ಲದವರು ಲೋಡಿನ ಲೆಕ್ಕದಲ್ಲಿ ದುಡ್ಡು ಕೊಡಲಿ. ತೂಕದ ಲೆಕ್ಕ ಮಾತ್ರ ಬೇಡ. ಮಳೆಯಲ್ಲಿ ನೆನೆದ ಎಲೆಯ ತೂಕದಲ್ಲಿ ಅರ್ಧಕ್ಕರ್ಧ ನೀರೇ.

ವಿರೋಧ: ಮರ ಉಳಿಸಿಕೊಂಡದ್ದಕ್ಕೆ ದಂಡವೇ?

ಎರೆಗೊಬ್ಬರದ ಮಾತು ತೊಟ್ಟಿಯ ಮೇಲೆ ಮಾಡು (ಸೂರು) ಇರುವವರಿಗೆ ಸರಿ. ಇಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಶೌಚದ ಗುಂಡಿ ಹೋಗಿ ಉಳಿದ ಮೂಲೆಯಲ್ಲಿ ಗೊಬ್ಬರದ ಗುಂಡಿ ತೋಡಿದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಅದು ಕೆರೆ. ಗಾಳಿಯಾಡದ ಎಲೆ ಸರಿಯಾಗಿ ಗೊಬ್ಬರವಾಗುವುದಿಲ್ಲ, ನಾರುತ್ತದೆ. ನೀರು ನಿಲ್ಲದಂತೆ ನೆಲದ ಮೇಲೆಯೇ ರಾಶಿ ಹಾಕಿದರೆ ಕುರುವಾಯಿ ದುಂಬಿಗೆ ಮೊಟ್ಟೆಯಿಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆಯಿಲ್ಲ. ಅದರ ಬಿಳಿ ಮರಿಹುಳು ಅರೆಕೊಳೆತ ರಾಶಿಯಲ್ಲೇ ಬೆಳೆದು, ದುಂಬಿಯಾಗಿ ಹಾರಿ, ತೆಂಗಿನ ಸುಳಿ ಕೊರೆಯುತ್ತದೆ. ಮಡಲು ಬಿಚ್ಚಿಕೊಂಡಾಗ ಗರಿಗಳು ಕತ್ತರಿ ಆಡಿಸಿದಂತೆ ಕಾಣುತ್ತವೆ. ತಡೆಯಬೇಕಾದರೆ ಆಗಾಗ ರಾಶಿ ಬುಡಮೇಲು ಮಾಡಿ ಹುಳು ಹೆಕ್ಕಬೇಕು. ಮಕ್ಕಳು ಗಲ್ಫಿನಲ್ಲಿದ್ದು ಇಬ್ಬರು ಮುದುಕರೇ ಇರುವ ಮನೆಯಲ್ಲಿ ಹೆಕ್ಕುವವರು ಯಾರು? ಹಿಂದೆ ಮಡಲು ಬಚ್ಚಲ ಒಲೆಗೆ, ಕಡ್ಡಿ ಹಿಡಿಸೂಡಿಗೆ (ಪೊರಕೆಗೆ), ತರಗೆಲೆ ದನದ ಹಟ್ಟಿಗೆ ಹೋಗುತ್ತಿತ್ತು. ಈಗ ಹಟ್ಟಿಯಿಲ್ಲ, ಬಚ್ಚಲಲ್ಲಿ ಗೀಸರ್.

ಶುಲ್ಕ ಬಂದರೆ ಏನಾಗುತ್ತದೆ ಎಂದು ಊಹಿಸಲು ಜಾಣತನ ಬೇಡ. ತರಗೆಲೆಯನ್ನು ಮಣ್ಣಿನೊಂದಿಗೆ ಸುಟ್ಟು ಗೊಬ್ಬರ ಮಾಡುತ್ತಿದ್ದ ಸುಡುಮಣ್ಣಿನ ನೆನಪಿರುವ ಊರಿನಲ್ಲಿ ಬೆಂಕಿಪೆಟ್ಟಿಗೆ ಹೊರಬರುತ್ತದೆ, ಸುಡುವುದು ನಿಯಮಕ್ಕೆ ವಿರುದ್ಧವಾದರೂ. ಉಳಿದದ್ದು ರಾತ್ರಿ ತೋಡಿಗೆ (ಹಳ್ಳಕ್ಕೆ). ಒಂದೇ ಒಂದು ಮಡಲು ಮೋರಿಯ ಬಾಯಿಗೆ ಅಡ್ಡ ನಿಂತರೂ ಸಾಕು, ಹಿಂದಿನಿಂದ ತೇಲಿ ಬಂದ ಪ್ಲಾಸ್ಟಿಕ್ ಅದಕ್ಕೆ ಹೆಣೆದುಕೊಂಡು ಮೊದಲ ದೊಡ್ಡ ಮಳೆಗೇ ನೀರು ರಸ್ತೆಗೇರುತ್ತದೆ. ಅದನ್ನು ಕೀಳಿಸುವ ಜೆಸಿಬಿಯ ಬಾಡಿಗೆಯಲ್ಲಿ ಫ್ಲ್ಯಾಟಿನವರ ಪಾಲೂ ಇರುತ್ತದೆ.

ಕಸ ಯಾರದು ಎಂಬುದೂ ಅಷ್ಟು ಸಲೀಸಲ್ಲ. ರಸ್ತೆ ಬದಿಯ ಮರದ ಎಲೆ ಅಂಗಳಕ್ಕೆ ಬಿದ್ದರೆ? ಮಳೆಗಾಲದ ಮೊದಲು ವಿದ್ಯುತ್ ತಂತಿಗೆ ತಾಗುವ ಗೆಲ್ಲು (ಕೊಂಬೆ) ಕಡಿದು ಗೇಟಿನ ಮುಂದೆ ಬಿಟ್ಟುಹೋದರೆ? ಇದ್ದ ಮರ ಕಡಿದು ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಸಿದವರಿಗೆ ಈ ಶುಲ್ಕ ಸೊನ್ನೆ, ಅವರ ಅಂಗಳದಿಂದ ಚರಂಡಿಗೆ ನುಗ್ಗುವ ನೀರಿಗೆ ಬಿಲ್ಲೂ ಇಲ್ಲ!

ದಿನದ ಟಿಪ್ಪರಿಗೆ ಮಡಲು ತುಂಬಬಾರದು ಎಂಬುದು ಒಪ್ಪತಕ್ಕ ಮಾತೇ. ಆದರೆ ಸಾಗಿಸುವುದೇ ಯಾಕೆ? ಡಿಸೆಂಬರಿನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ಪುಡಿ ಮಾಡುವ ಯಂತ್ರವೇ ವಾರ್ಡಿಗೆ ಬರಲಿ. ಒಣ ಮಡಲು ಚೆನ್ನಾಗಿ ಪುಡಿಯಾಗುತ್ತದೆ. ಹಸಿಯದರ ನಾರು ಅಲಗಿಗೆ ಸುತ್ತಿಕೊಂಡು ಯಂತ್ರ ನಿಲ್ಲುತ್ತದೆ, ಆದ್ದರಿಂದ ಬೇಸಗೆಯೇ ಸರಿ. ಕಟ್ಟಿದ ತಂತಿ, ಪ್ಲಾಸ್ಟಿಕ್ ಹಗ್ಗ ಮೊದಲೇ ಬಿಚ್ಚಿಡುವುದು ಮನೆಯವರ ಕೆಲಸ. ಪುಡಿ ಮನೆಯವರಿಗೇ ವಾಪಸು. ಕಾಂಡಕ್ಕೆ ತಾಗದಂತೆ ಒಂದಡಿ ಬಿಟ್ಟು ತೆಂಗಿನ ಬುಡದ ಸುತ್ತ ಹರಡಿದರೆ ಬೇಸಗೆಯ ನೀರು ಬೇಗ ಆರುವುದಿಲ್ಲ. ಯಂತ್ರದ ಡೀಸೆಲ್ಲಿಗೂ ಅಲಗು ಮಸೆಯುವುದಕ್ಕೂ ಈಗಾಗಲೇ ಕಟ್ಟಿದ ಉಪಕರದಿಂದ ಕೊಡಲಿ.