ಹೂತವರು ಬಾಗಿಲು ತಟ್ಟಿದಾಗ

‘ಶಿಕಿ’ ಅನ್ನುವ ಮಾಂಗಾದ, ಅಂದರೆ ಜಪಾನಿ ಚಿತ್ರಕಥೆಯ, 11ನೇ ಸಂಪುಟ ನಿನ್ನೆ ರಾತ್ರಿ ಮುಗಿಯಿತು. ಬರೆಯದೆ ಇರಲಾಗುತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕಥೆಯ ಗುಟ್ಟುಗಳೆಲ್ಲ ಇಲ್ಲಿವೆ.

ಫುಯುಮಿ ಓನೊ 1998ರಲ್ಲಿ ತಂದ ದೊಡ್ಡ ಕಾದಂಬರಿ ಇದು. ಅದನ್ನು ಮಾಂಗಾ ಮಾಡಿದವರು ರ್ಯೂ ಫುಜಿಸಾಕಿ. ಊರು ಸೊತೊಬಾ, ಬೆಟ್ಟಗಳ ನಡುವೆ ಸುಮಾರು 1,300 ಜನ. ಕಾಡಿನ ಮರ ಕಡಿದು ಶವಪೆಟ್ಟಿಗೆ, ಸಮಾಧಿಗೆ ನೆಡುವ ಹಲಗೆ ಮಾಡಿ ಬದುಕಿದ ಊರು. ಆ ಹಲಗೆಯ ಹೆಸರೇ ಸೊತೊಬಾ. ಜಪಾನಿನಲ್ಲಿ ಹೆಚ್ಚೂಕಡಿಮೆ ಎಲ್ಲ ಕಡೆ ಹೆಣ ಸುಡುತ್ತಾರೆ, ಇಲ್ಲಿ ಇನ್ನೂ ಹೂಳುತ್ತಾರೆ. ಒಂದು ಬೇಸಿಗೆಯಲ್ಲಿ ಸಾವಿನ ಮೇಲೆ ಸಾವು. ಆಮೇಲೆ ಹೂತವರೇ ಬದುಕಿರುವವರ ರಕ್ತ ಕುಡಿಯಲು ಎದ್ದು ಬರುತ್ತಾರೆ. ಕರೆಯದೆ ಮನೆಯೊಳಗೆ ಕಾಲಿಡುವ ಹಾಗಿಲ್ಲ. ಹಾಗಾಗಿ ಗುರುತಿನ ಮುಖ ಹೊತ್ತು ಬಾಗಿಲಲ್ಲಿ ನಿಲ್ಲುತ್ತಾರೆ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದ ದಿನಗಳು ನೆನಪಿದ್ದವರಿಗೆ ಆ ಪುಟಗಳು ಬೇರೆಯೇ ಥರ ತಟ್ಟುತ್ತವೆ, ಅಲ್ವಾ?

ಶುರು ಬಹಳ ನಿಧಾನ ಅಂತ ಎಷ್ಟೋ ಜನ ಅರ್ಧಕ್ಕೇ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಅಂಗಡಿ ಮುಂದೆ ಕೂತು ಹರಟುವ ಮುದುಕರು, ಕ್ಲಿನಿಕ್ಕಿನ ನರ್ಸ್‌ಗಳು, ಪಟ್ಟಣಕ್ಕೆ ಓಡಿಹೋಗುವ ಕನಸಿನ ಮೆಗುಮಿ. ಇವರೆಲ್ಲ ನಮಗೆ ಪಕ್ಕದ ಮನೆಯವರಾಗಲಿ ಅಂತಲೇ ಆ ನಿಧಾನ. ಕೊನೆಗೆ ಊರವರು ಗೂಟ ಹಿಡಿದು ಹೊರಟಾಗ ಸಾಯುವವರ ಹೆಸರೂ ಗೊತ್ತು, ಕೊಲ್ಲುವವರ ಹೆಸರೂ ಗೊತ್ತು. ಸತ್ತು ಎದ್ದು, ಈಗ ಊರು ಬಿಟ್ಟು ಓಡುವ ಮೆಗುಮಿಯ ಮೇಲೆ ವಾಹನ ಹತ್ತಿಸುತ್ತಾರೆ. ಅವಳು ಅಷ್ಟು ಹೊತ್ತಿಗೆ ಎಷ್ಟೋ ಕೆಟ್ಟದ್ದು ಮಾಡಿದವಳು, ಗೊತ್ತು. ಆದರೂ ನನ್ನ ಕೈಲಿ ಪುಟ ತಿರುವಲು ಆಗಲಿಲ್ಲ.

ಡಾಕ್ಟರ್ ತೊಶಿಯೊ ನನಗೆ ಇನ್ನೂ ಅರಗಿಲ್ಲ. ಸತ್ತು ಎದ್ದ ಸ್ವಂತ ಹೆಂಡತಿಯನ್ನೇ ಮಂಚಕ್ಕೆ ಕಟ್ಟಿಹಾಕಿ, ಇವರನ್ನು ಕೊಲ್ಲುವುದು ಹೇಗೆ ಅಂತ ಒಂದೊಂದೇ ಪರೀಕ್ಷೆ ಮಾಡುತ್ತಾನೆ. ಊರು ಉಳಿಸಬೇಕು ಅನ್ನುವ ಅವನ ಮಾತು ಸುಳ್ಳಲ್ಲ. ಆದರೆ ಆ ಪರೀಕ್ಷೆ ಕಂಡ ಮೇಲೆ ಗೆಳೆಯ ಸೆಯಿಶಿನ್, ಊರ ದೇವಾಲಯದ ಬೌದ್ಧ ಗುರು, ದೂರ ಸರಿಯುವುದೂ ತಪ್ಪು ಅನಿಸುವುದಿಲ್ಲ.

ಕಾದಂಬರಿಯಲ್ಲಿ ಸತ್ತೇ ಹೋಗುವ ಹುಡುಗ ನತ್ಸುನೊನನ್ನು ಮಾಂಗಾ ಮತ್ತೆ ಎಬ್ಬಿಸುತ್ತದೆ. ನನಗೆ ಅದು ಇಷ್ಟವಾಗಲಿಲ್ಲ. ಅವನ ಸಾವಿನ ತೂಕ ಕಮ್ಮಿಯಾಯಿತು.

ನನಗೆ ಈ ಕಥೆ ಅಂದರೆ ರಿತ್ಸುಕೊ. ತೊಶಿಯೊನ ಕ್ಲಿನಿಕ್ಕಿನ ನರ್ಸ್. ಅವಳೂ ಸತ್ತು ಏಳುತ್ತಾಳೆ. ಹಸಿವು ಸುಡುತ್ತಿದೆ. ಎದುರಿಗೆ ಜೊತೆಯಲ್ಲಿ ದುಡಿದ ನರ್ಸನ್ನೇ ತಂದು ಹಾಕಿದ್ದಾರೆ, ಕುಡಿದರೆ ಬದುಕುತ್ತಾಳೆ. ಅವಳು ಮುಟ್ಟುವುದಿಲ್ಲ. ಕುಡಿ ಅಂತ ಬೇಡಿಕೊಳ್ಳುವ ತೊರು ಅವಳ ಹಾಗೇ ಸತ್ತು ಎದ್ದವನು, ಈಗಾಗಲೇ ಕೊಂದು ಕೊಂದು ಅಳುತ್ತಿರುವವನು. ಕೊನೆಗೆ ಅವನೂ ಓಡಿಹೋಗದೆ ಅವಳ ಪಕ್ಕದಲ್ಲೇ ಉಳಿಯುತ್ತಾನೆ. ಊರವರಿಗೆ ಸಿಕ್ಕಾಗ ಇಬ್ಬರೂ ಜೊತೆಗಿದ್ದರು.