ಕಿಟಕಿ, ಗವಾಕ್ಷ ಮತ್ತು ಒಂದು ಹಲ್ಲಿ

ನಾನು ಬರೆದದ್ದು ‘ಕಿಟಕಿ’ ಎಂದು. ವಿಜಯದಶಮಿಯ ದಿನ ಬಿಡುಗಡೆಯಾದ ನಮ್ಮ ಆರು ಭಾವಗೀತೆಗಳ ಆಲ್ಬಂನಲ್ಲಿ ಕೇಳಿಬರುತ್ತಿರುವುದು ‘ಗವಾಕ್ಷ’ ಎಂದು. ಬೆಳಗಿನಿಂದ ಮೂವರು ಬಂಧುಗಳು ದೂರವಾಣಿ ಮಾಡಿ, ಹಾಡು ಬಹಳ ಚೆನ್ನಾಗಿದೆ, ಆದರೆ ಗವಾಕ್ಷ ಎಂದರೇನು ಎಂದು ವಿಚಾರಿಸಿದ್ದಾರೆ. ಕಿಟಕಿ ಎಂದು ಉತ್ತರಿಸಿದಾಗ ಮೂವರೂ ಒಂದೇ ಮಾತು ಕೇಳಿದರು: ಹಾಗಾದರೆ ಕಿಟಕಿ ಎಂದೇ ಬರೆಯಬಹುದಿತ್ತಲ್ಲ?

ಬರೆದಿದ್ದೆ ಎಂದು ಎಷ್ಟು ಜನಕ್ಕೆ ಹೇಳಿಕೊಂಡು ತಿರುಗುವುದು?

ಆಲ್ಬಂ ಮಾಡೋಣ ಎಂದವನು ನನ್ನ ಗೆಳೆಯ. ಸಾಹಿತ್ಯ ನನ್ನದು, ರಾಗ ಮತ್ತು ಕಂಠ ಅವನದು, ಹಣ ಅವನ ಭಾವನದು. ದಸರೆಗೆ ಹಾಡುಗಳು ಹೊರಬರಲೇಬೇಕು ಎಂಬುದು ಭಾವನ ಷರತ್ತು. ಆನ್‌ಲೈನಿನಲ್ಲಿ ಬಿಡುಗಡೆ ಮಾಡಿಸುವವರಿಗೆ ಎರಡು ಮೂರು ವಾರ ಮೊದಲೇ ಹಾಡುಗಳನ್ನು ತಲುಪಿಸಬೇಕು. ನಡುವೆ ಪಿತೃಪಕ್ಷ ಬಂದು ಕುಳಿತಿದೆ. ಆ ಹದಿನೈದು ದಿನ ಮನೆಯಲ್ಲಿ ಹಾಡು ಹಸೆ ಕೂಡದು, ಬೇಕಾದರೆ ಮೊದಲೇ ಹಾಡಿಟ್ಟದ್ದನ್ನು ತಿದ್ದಿಕೊಳ್ಳಿ ಎಂದು ಗೆಳೆಯನ ಅಮ್ಮ ತೀರ್ಪು ಕೊಟ್ಟರು. ಹೀಗೆ ಎಲ್ಲವನ್ನೂ ಕಳೆದು ನೋಡಿದಾಗ ನಮಗೆ ಉಳಿದದ್ದು ಚೌತಿಯಿಂದ ಹುಣ್ಣಿಮೆಯವರೆಗಿನ ಹನ್ನೊಂದು ದಿನ. ಚೌತಿಯ ಬೆಳಿಗ್ಗೆ ಆರು ಹಾಡುಗಳಲ್ಲಿ ಮೂರನ್ನು ನಾನಿನ್ನೂ ಬರೆದೇ ಇರಲಿಲ್ಲ.

ಚಾಮುಂಡಿಪುರಂನಲ್ಲಿರುವ ಗೆಳೆಯನ ಹೆಂಚಿನ ಮನೆಯ ನಡುಕೋಣೆಯೇ ನಮ್ಮ ಸ್ಟುಡಿಯೋ. ಗೋಡೆಗೆ ಕಂಬಳಿ, ಬಾಗಿಲಿಗೆ ಹಾಸಿಗೆ, ಬಾಡಿಗೆಗೆ ತಂದ ಕಂಡೆನ್ಸರ್ ಮೈಕು, ಅವನ ಮಗನ ಲ್ಯಾಪ್‌ಟಾಪು. ನನಗೆ ಸಂಶಯ ಬಂದಾಗಲೆಲ್ಲ ಅವನು ಇತಿಹಾಸವನ್ನು ಮುಂದಿಡುತ್ತಿದ್ದ: 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಿನ ತಮ್ಮ ಮನೆಯಲ್ಲಿ 30 ವ್ಯಾಟಿನ ಪ್ರೇಷಕ ಇಟ್ಟುಕೊಂಡು ಬಾನುಲಿ ಆರಂಭಿಸಲಿಲ್ಲವೇ, ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಬರಲಿಲ್ಲವೇ ಎಂದು. ಹಣದ ಮಾತು ಬಂದರೆ, ಲಂಡನ್ನಿನಲ್ಲಿದ್ದ ರಷ್ಯದ ಸಂಗೀತಗಾರ ಮೆಟ್ನರ್ ತನ್ನ ಕೃತಿಗಳನ್ನು ಧ್ವನಿಮುದ್ರಿಸಿಕೊಳ್ಳಲು ನಮ್ಮ ಜಯಚಾಮರಾಜ ಒಡೆಯರು ಹಣ ಕೊಟ್ಟದ್ದನ್ನೂ, ಅವನು ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವರಿಗೇ ಅರ್ಪಿಸಿದ್ದನ್ನೂ ನೆನಪಿಸುತ್ತಿದ್ದ. ಮೆಟ್ನರನಿಗೆ ಮಹಾರಾಜರಿದ್ದರು, ನಮಗಿರುವುದು ದಿನಕ್ಕೆರಡು ಬಾರಿ ‘ಎಲ್ಲಿಗೆ ಬಂತು’ ಎಂದು ಕೇಳುವ ಭಾವ ಎಂದರೆ ಮಾತ್ರ ಅವನಿಗೆ ಕೋಪ.

ಚೌತಿಯ ಸಮಯದಲ್ಲಿ ಮೈಸೂರಿನ ಬಡಾವಣೆಯೊಂದರಲ್ಲಿ ಧ್ವನಿಮುದ್ರಣಕ್ಕೆ ಕೂರುವವನ ಬುದ್ಧಿಯ ಬಗ್ಗೆ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬೀದಿಯ ಎರಡು ತುದಿಯಲ್ಲಿ ಎರಡು ಗಣಪತಿಗಳಿದ್ದವು, ಎರಡಕ್ಕೂ ಪ್ರತ್ಯೇಕ ಧ್ವನಿವರ್ಧಕಗಳಿದ್ದವು, ಎರಡರ ಭಕ್ತರ ಅಭಿರುಚಿಯೂ ಬೇರೆ ಬೇರೆಯಾಗಿತ್ತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂದು 2000ನೇ ಇಸವಿಯ ನಿಯಮಗಳು ಹೇಳುತ್ತವೆ. ಹಬ್ಬದ ದಿನಗಳಲ್ಲಿ ಸರ್ಕಾರ ಅದನ್ನು ನಡುರಾತ್ರಿಯವರೆಗೆ ಸಡಿಲಿಸಬಹುದೆಂದೂ ಅವೇ ನಿಯಮಗಳು ಹೇಳುತ್ತವೆ. ಬೀದಿಯವರಿಗೆ ಎರಡನೆಯ ಭಾಗ ಮಾತ್ರ ಬಾಯಿಪಾಠವಾಗಿತ್ತು. ಆದ್ದರಿಂದ ನಾವು ಹನ್ನೆರಡರ ಮೇಲೆ ಫ್ಯಾನು ನಿಲ್ಲಿಸಿ, ಫ್ರಿಜ್ಜಿನ ತಂತಿ ಕಿತ್ತು, ಸುಪ್ರಭಾತ ಮೊಳಗುವವರೆಗೆ ಹಾಡಿಸಿಕೊಳ್ಳತೊಡಗಿದೆವು. ಬೆಳಿಗ್ಗೆ ತಂತಿಯನ್ನು ಮತ್ತೆ ಸಿಕ್ಕಿಸಲು ಮರೆತು ಒಂದು ದಿನ ಎರಡು ಲೀಟರ್ ಹಾಲು ಒಡೆದದ್ದು ಆಲ್ಬಂನ ಖರ್ಚಿನಲ್ಲಿ ಸೇರಿಲ್ಲ.

ಇಷ್ಟನ್ನೂ ನಾನು ಸಹಿಸುತ್ತಿದ್ದೆ. ಸಹಿಸಲಾಗದ್ದು ಗೆಳೆಯನ ಅಕಾರದ ಚಪಲ.

ನನ್ನ ಹಾಡಿನ ಪಲ್ಲವಿ ಇಷ್ಟು: ‘ಮಳೆಯು ನಿಂತು ಹನಿಯುತಿಹುದು ಅಜ್ಜಿಮನೆಯ ಕಿಟಕಿ, ನಿಂತೆ ನಾನು ಕಂಬಿ ಹಿಡಿದು ಹಳೆಯ ಮುಖವ ಹುಡುಕಿ.’ ಮಹಾಕಾವ್ಯವೇನಲ್ಲ, ಆದರೆ ಆರಾರು ಮಾತ್ರೆಗೆ ಸರಿಯಾಗಿ ಬಿದ್ದು, ಪ್ರಾಸವೂ ತಾನಾಗಿ ಕೂತಿತ್ತು. ಗೆಳೆಯ ‘ಕಿಟಕಿ’ಯ ಕೊನೆಯನ್ನು ಒಯ್ದು ತಾರಷಡ್ಜದಲ್ಲಿ, ಅಂದರೆ ಮೇಲಿನ ‘ಸ’ ಸ್ವರದಲ್ಲಿ, ನಿಲ್ಲಿಸಿದ. ನಿಲ್ಲಿಸಿದ ಮೇಲೆ, ಅಲ್ಲಿ ಇಕಾರ ಹಿಡಿದು ನಿಂತರೆ ಬಾಯಿ ಬೇವು ಅಗಿದಂತೆ ಕಿರಿದಾಗುತ್ತದೆ, ನಾದ ಅರಳುವುದಿಲ್ಲ, ಅಕಾರ ಕೊಡು ಎಂದ. ಷಡ್ಜವನ್ನು ಬೇರೆ ಕಡೆ ಇಡು ಎಂದೆ. ಷಡ್ಜವನ್ನು ಇಡುವವನು ತಾನಲ್ಲ, ಅದು ಇರುವ ಕಡೆಯೇ ಇರುತ್ತದೆ ಎಂದು ಋಷಿಯಂತೆ ಕಣ್ಣು ಮುಚ್ಚಿಕೊಂಡ.

ಅವನ ಸಂಕಟದಲ್ಲಿ ನ್ಯಾಯವೇ ಇಲ್ಲವೆನ್ನಲಾರೆ. ‘ಇ’ ಎನ್ನುವಾಗ ನಾಲಿಗೆ ಮೇಲೇರಿ ಬಾಯಿಯ ಜಾಗ ಕಡಿಮೆಯಾಗುತ್ತದೆ; ಸಂಗೀತಗಾರರು ಅಕಾರದಲ್ಲಿ ಸಾಧನೆ ಮಾಡುವುದು ಸುಮ್ಮನೆ ಅಲ್ಲ. ಆದರೆ ಕನ್ನಡ ಇರುವುದು ಹಾಗೆ. ಮನೆ, ಮಳೆ, ಹೊಳೆ ಎಕಾರಕ್ಕೆ ಹೋದವು, ಹಾಡು, ನೆನಪು, ಮುಗಿಲು ಉಕಾರಕ್ಕೆ ಹೋದವು. ಹಾಗಾದರೆ ಯಾವುದರ ಮೇಲೆ ಬರೆಯಲಿ ಎಂದು ರೇಗಿ ಕೇಳಿದಾಗ ಅವನು ಗಂಭೀರವಾಗಿ ಬೆರಳು ಮಡಿಸುತ್ತ ‘ಮರ, ಹೊಲ, ಕಸ, ಜ್ವರ’ ಎಂದು ಪಟ್ಟಿ ಕೊಟ್ಟ. ಜ್ವರದ ಮೇಲೆ ಭಾವಗೀತೆ ಬರೆಯುವ ಸ್ಥಿತಿಯಲ್ಲಿಯೇ ನಾನಿದ್ದೆ, ಆ ಮಾತು ಬೇರೆ.

ಆ ರಾತ್ರಿ ಒಂದು ಗಂಟೆಯಿಂದ ಮೂರೂವರೆಯವರೆಗೆ ನಾವು ಒಂದೇ ಒಂದು ಸ್ವರವನ್ನೂ ಮುದ್ರಿಸದೆ ನಿಘಂಟು ತಿರುವಿದೆವು. ‘ಬಾಗಿಲು’ ಉಕಾರವೆಂದು ಬಿದ್ದುಹೋಯಿತು. ‘ಜಾಲಂದ್ರ’ ಮೂಗಿಗೆ ಹೋಗುತ್ತದೆ ಎಂದ. ‘ವಾತಾಯನ’ ಎಂದು ನಾನು ಕೇವಲ ಕುಚೋದ್ಯಕ್ಕೆ ಸೂಚಿಸಿದ್ದನ್ನು ಅವನು ಎರಡು ಬಾರಿ ಹಾಡಿ ನೋಡಿ, ಯಾರಿಗೋ ವಾಯು ಹಿಡಿದಂತೆ ಕೇಳಿಸುತ್ತದೆ ಎಂದು ಕೈಬಿಟ್ಟ. ಕೊನೆಗೆ ‘ಗವಾಕ್ಷ’ ಸಿಕ್ಕಿತು. ಅವನ ಮುಖ ದೀಪ ಹಚ್ಚಿದಂತಾಯಿತು. ನಾನು ವಾದಿಸಿದೆ: ಕಿಟಕಿ ಮೂರು ಮಾತ್ರೆ, ಗವಾಕ್ಷ ನಾಲ್ಕು, ಗವಾಕ್ಷ ಎಂದರೆ ಹಸುವಿನ ಕಣ್ಣು, ನಮ್ಮ ಅಜ್ಜಿಯ ಮನೆಯ ಕಿಟಕಿ ಯಾವ ಕೋನದಿಂದಲೂ ಹಸುವಿನ ಕಣ್ಣಿನಂತಿರಲಿಲ್ಲ, ಸಂಜೆ ಆಯಿತು, ಗವಾಕ್ಷ ಹಾಕು, ಸೊಳ್ಳೆ ಬರುತ್ತವೆ ಎಂದು ಭೂಮಿಯ ಮೇಲೆ ಯಾರಾದರೂ ಹೇಳಿದ್ದುಂಟೇ? ಒಂದು ಮಾತ್ರೆಯನ್ನು ತಾನು ನುಂಗಿಕೊಳ್ಳುತ್ತೇನೆ ಎಂಬುದೊಂದೇ ಅವನ ಉತ್ತರ.

ಮಾತ್ರೆಯನ್ನು ಅವನು ನುಂಗಿದ. ಪ್ರಾಸವನ್ನು ನುಂಗಬೇಕಾದವನು ನಾನು. ‘ಹುಡುಕಿ’ಗೆ ಇನ್ನು ನೆಲೆಯಿಲ್ಲ. ಗವಾಕ್ಷಕ್ಕೆ ಪ್ರಾಸವಾಗಿ ಆ ಹೊತ್ತಿನಲ್ಲಿ ತಲೆಗೆ ಬಂದದ್ದು ಅಧ್ಯಕ್ಷ, ರುದ್ರಾಕ್ಷ, ಪಿತೃಪಕ್ಷ. ಮೂರನೆಯದರ ಪ್ರಭಾವವಿರಬೇಕು, ಪೆನ್ನು ‘ಅಜ್ಜಿ ಅಲ್ಲೆ ಪ್ರತ್ಯಕ್ಷ’ ಎಂದು ಬರೆಯಿತು. ಹಳೆಯ ಮುಖವೊಂದನ್ನು ಮೆಲ್ಲಗೆ ಹುಡುಕುತ್ತಿದ್ದ ಹಾಡಿನಲ್ಲಿ ತೀರಿಹೋದ ಅಜ್ಜಿ ಕಂಬಿಯಾಚೆ ಥಟ್ಟನೆ ಎದ್ದು ನಿಂತಳು.

ಹುಣ್ಣಿಮೆಯ ಹಿಂದಿನ ರಾತ್ರಿ ಅದನ್ನು ಮುದ್ರಿಸಲು ಕುಳಿತೆವು. ಎಪ್ಪತ್ತೆಂಟು ಸುತ್ತಿನ ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ವಿದ್ವಾಂಸರು ಹೆಚ್ಚುಕಡಿಮೆ ಮೂರು ನಿಮಿಷದಲ್ಲಿ, ತಿದ್ದುವ ಅವಕಾಶವೇ ಇಲ್ಲದೆ, ಒಂದು ಕೃತಿಯನ್ನು ಮುಗಿಸಿ ಎದ್ದು ಹೋಗುತ್ತಿದ್ದರು. ನನ್ನ ಗೆಳೆಯ ಇಪ್ಪತ್ತೆರಡು ಬಾರಿ ಹಾಡಿ, ಪ್ರತಿ ಬಾರಿಯೂ ‘ಚೆನ್ನಾಗಿದೆ, ಆದರೆ...’ ಎಂದ. ಇಪ್ಪತ್ಮೂರನೆಯದು, ನಾಲ್ಕು ಗಂಟೆಯ ಸುಮಾರಿಗೆ, ನಿಜಕ್ಕೂ ಬೇರೆಯಾಗಿತ್ತು. ಬೇಡವೆಂದರೂ ನನ್ನ ಕಣ್ಣು ತೇವವಾಯಿತು. ಕೊನೆಯ ಸಾಲು ಬಂತು, ‘ಪ್ರತ್ಯಕ್ಷ’ದ ಅಕಾರ ಅರಳಿ ಸೂರಿನವರೆಗೂ ಏರಿತು. ಆಗ ಸೂರಿನ ಜಂತೆಯಿಂದ ಹಲ್ಲಿಯೊಂದು ಸ್ಪಷ್ಟವಾಗಿ ಲೊಚಗುಟ್ಟಿತು. ಹಾಸಿಗೆ ಮುಚ್ಚಿದ ಬಾಗಿಲಿನ ಆಚೆ, ನಿದ್ದೆಗಣ್ಣಿನಲ್ಲಿಯೇ ಅಮ್ಮ ಮಂಚದ ಪಟ್ಟಿಯನ್ನು ಬೆರಳಿನಿಂದ ಮೂರು ಬಾರಿ ಕುಟ್ಟಿ, ‘ಕೃಷ್ಣ, ಕೃಷ್ಣ, ಕೃಷ್ಣ’ ಎಂದರು. ಹಲ್ಲಿ ನುಡಿದರೆ ಹೇಳಿದ ಮಾತು ಸತ್ಯವೆಂದು ಲೆಕ್ಕ. ಅಜ್ಜಿ ಪ್ರತ್ಯಕ್ಷವಾದದ್ದಕ್ಕೆ ಸಾಕ್ಷಿಯೂ ಸಿಕ್ಕಂತಾಯಿತು.

ಇಪ್ಪತ್ತನಾಲ್ಕನೆಯ ಬಾರಿಗೆ ಅವನ ಗಂಟಲು ಏಳಲಿಲ್ಲ. ಹಾಡುಗಳನ್ನು ಹದಗೊಳಿಸಿಕೊಟ್ಟ ಹುಡುಗ, ಸದ್ದು ದನಿಯ ಬಾಲದ ಮೇಲೆಯೇ ಕೂತಿದೆ, ಅದನ್ನು ಕೆರೆದು ತೆಗೆದರೆ ಷಡ್ಜವೂ ಕಿತ್ತು ಬರುತ್ತದೆ ಎಂದು ಕೈಚೆಲ್ಲಿದ. ಹಾಗೆಯೇ ಕಳುಹಿಸಿದೆವು. ಈಗ ಕೇಳಿದವರೆಲ್ಲ ಮೆಚ್ಚುತ್ತಿರುವುದು ಆ ಕೊನೆಯನ್ನೇ: ಎಂಥ ಕಲ್ಪನೆ, ಹಲ್ಲಿಯ ನುಡಿ, ಹಿರಿಯರ ದನಿ, ಹಳೆಯ ಮನೆ ಕಣ್ಣ ಮುಂದೆ ಬಂತು ಎಂದು. ಗೆಳೆಯ ಅದನ್ನು ತನ್ನ ಸಂಯೋಜನೆಯೆಂಬಂತೆ ತಲೆಯಾಡಿಸಿ ಸ್ವೀಕರಿಸುತ್ತಿದ್ದಾನೆ.

ನಿನ್ನೆ ಸಂಜೆ ಅಮ್ಮನಿಗೆ ಕೇಳಿಸಲು ಹೋಗಿದ್ದೆ. ಒಂದು ಕಾಲದಲ್ಲಿ ಆ ಸುತ್ತಿನ ಯಾವ ಹಸೆಯೂ ಅವರ ಹಾಡಿಲ್ಲದೆ ನಡೆಯುತ್ತಿರಲಿಲ್ಲವಂತೆ. ಅವರ ದನಿಯ ಮುದ್ರಣವೆಂದು ಜಗತ್ತಿನಲ್ಲಿ ಇರುವುದು ಈಗ ಈ ಮೂರು ‘ಕೃಷ್ಣ’ ಮಾತ್ರ. ಹನ್ನೊಂದು ರಾತ್ರಿ ಮೈಕು ಅವರ ಮಂಚದಿಂದ ಹತ್ತು ಅಡಿ ದೂರದಲ್ಲಿತ್ತು. ಅವರು ಪೂರ್ತಿ ಕೇಳಿ, “ಗವಾಕ್ಷ ಯಾಕೋ? ಕಿಟಕಿ ಅನ್ನಬಾರದಿತ್ತೇ?” ಎಂದು, ತಮ್ಮಷ್ಟಕ್ಕೆ ‘ಅಜ್ಜಿಮನೆಯ ಕಿಟಕೀ’ ಎಂದು ಎತ್ತಿಕೊಂಡರು. ಇಕಾರ ಮೇಲಿನ ಷಡ್ಜದಲ್ಲಿ, ತನ್ನ ಮನೆಯ ಜಗಲಿಯಲ್ಲಿ ಕೂತಂತೆ, ಆರಾಮವಾಗಿ ಕೂತಿತು.

ನಾನು ಗೆಳೆಯನ ಮುಖ ನೋಡಿದೆ.

“ಅಮ್ಮನ ಶ್ರುತಿ ತಗ್ಗಿನದು ಕಣೋ, ಅಲ್ಲಿ ಯಾರು ಬೇಕಾದರೂ ನಿಲ್ಲಬಹುದು” ಎಂದ. ಮೈಕನ್ನು, ದಿನದ ಬಾಡಿಗೆ ದಂಡವಾಗುತ್ತದೆಂದು, ಹುಣ್ಣಿಮೆಯ ದಿನವೇ ಹಿಂತಿರುಗಿಸಿಬಿಟ್ಟಿದ್ದೆವು.