ಸೀಟಿನಲ್ಲಿ ಯಾರಿದ್ದರೇನು

ಸರ್ಕಾರಿ ಕಚೇರಿಯ ಖಾಲಿ ಕುರ್ಚಿಯನ್ನು ಗಮನಿಸಿದ್ದೀರಾ? ಬೆನ್ನಿಗೆ ಟವೆಲ್ಲು ಹೊದ್ದು, ಎದುರಿಗೆ ಫೈಲು ಗುಡ್ಡೆ ಹಾಕಿಕೊಂಡು ಗತ್ತಿನಲ್ಲೇ ಇರುತ್ತದೆ. ‘ಸಾಹೇಬ್ರು ಸೀಟಲ್ಲಿಲ್ಲ’ ಅಂದರೂ ನಾವು ಅದರೆದುರು ಸ್ವಲ್ಪ ಬಗ್ಗಿಯೇ ನಿಲ್ಲುತ್ತೇವೆ. ಈ ಕುರ್ಚಿಯ ಬಗ್ಗೆ ಜರ್ಮನ್ ಪಂಡಿತರು ತಲೆ ಕೆಡಿಸಿಕೊಂಡಷ್ಟು ಇನ್ನಾರೂ ಕೆಡಿಸಿಕೊಂಡಿರಲಿಕ್ಕಿಲ್ಲ.

ತತ್ವಜ್ಞಾನಿ ಹೆಗೆಲ್ 1818ರಲ್ಲಿ ಬರ್ಲಿನ್ನಿಗೆ ಪ್ರೊಫೆಸರಾಗಿ ಬಂದ. ಎರಡು ವರ್ಷದ ನಂತರ ಹೊರಬಂದ ಅವನ ಪುಸ್ತಕದಲ್ಲಿ ಅಧಿಕಾರಿಗಳಿಗೆ ದೊಡ್ಡ ಜಾಗ. ರೈತನಿಗೆ ಅವನ ಹೊಲ, ವ್ಯಾಪಾರಿಗೆ ಅವನ ಗಲ್ಲಾ. ಎಲ್ಲರ ಹಿತ ನೋಡುವವನು ಅಧಿಕಾರಿ. ಹುಟ್ಟಿನಿಂದಲ್ಲ, ಯೋಗ್ಯತೆಯಿಂದ ಬಂದವನು. ಸಂಬಳ ಸಿಗುವುದರಿಂದ ಅವನು ಬೇರೆಯವರ ಹಂಗಿಗೆ ಬೀಳಬೇಕಿಲ್ಲವಂತೆ! ಪಾಪ, ಒಳ್ಳೆ ಮನುಷ್ಯ.

ಮಾರ್ಕ್ಸ್ ಇದನ್ನು ನಂಬಲಿಲ್ಲ. 1843ರಲ್ಲಿ, ಇಪ್ಪತ್ತೈದರ ಹುಡುಗ, ಹೆಗೆಲ್‌ನ ಪುಸ್ತಕ ಮುಂದಿಟ್ಟುಕೊಂಡು ಒಂದೊಂದೇ ಪ್ಯಾರಾಗೂ ಜಗಳ ತೆಗೆದ. ನಾಡಿನ ಹಿತ ಅನ್ನುವುದು ಅಧಿಕಾರಿಯ ಕೈಯಲ್ಲಿ ಅವನ ಬಡ್ತಿಯ ಬೇಟೆಯಾಗುತ್ತದೆ, ಕಚೇರಿ ಬದುಕುವುದೇ ಗುಟ್ಟಿನ ಮೇಲೆ ಎಂದ. ನಮ್ಮಲ್ಲಿ ಇದನ್ನು ತಿಳಿಯೋಕೆ ತತ್ವಶಾಸ್ತ್ರ ಓದಬೇಕಿಲ್ಲ, ಒಂದು ಅರ್ಜಿ ಹಾಕಿದರೆ ಸಾಕು.

ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಮಾತ್ರ ಕುರ್ಚಿಯನ್ನೇ ಹಿಡಿದುಕೊಂಡ. ಮೊದಲ ಮಹಾಯುದ್ಧದಲ್ಲಿ ಹೈಡಲ್‌ಬರ್ಗ್‌ನ ಸೈನಿಕ ಆಸ್ಪತ್ರೆಗಳ ಆಡಳಿತ ನೋಡಿ, ಸ್ವತಃ ಅದರಲ್ಲಿ ಕೂತೆದ್ದವನು ಬೇರೆ. ಕುರ್ಚಿ ಕೂತವನ ಆಸ್ತಿಯಲ್ಲ ಎಂದ. ಮಾರುವಂತಿಲ್ಲ, ಮಗನಿಗೆ ಬಿಟ್ಟುಹೋಗುವಂತಿಲ್ಲ. ಮನೆ ಬೇರೆ, ಕಚೇರಿ ಬೇರೆ. ಮಾತಿಗಿಂತ ಕಾಗದ ಮುಖ್ಯ. ಸಪ್ಪೆ ಅನಿಸುತ್ತೆ, ಅಲ್ವಾ? ಆದರೆ ಹಳೇ ಫ್ರಾನ್ಸಿನಲ್ಲಿ ರಾಜನ ಹುದ್ದೆಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು, ಮಕ್ಕಳಿಗೂ ದಾಟಿಸುತ್ತಿದ್ದರು. ಅದಕ್ಕೆ ಹೋಲಿಸಿದರೆ ಈ ಸಪ್ಪೆಯೇ ನನಗೆ ರುಚಿ. ಇಂಥ ವ್ಯವಸ್ಥೆ ಒಮ್ಮೆ ಬೇರುಬಿಟ್ಟರೆ ಕೀಳುವುದು ಕಷ್ಟ ಎಂದೂ ವೇಬರ್ ಎಚ್ಚರಿಸಿದ್ದ.

ಮನುಷ್ಯ ಮುಖ್ಯವಲ್ಲ, ಹುದ್ದೆ ಮುಖ್ಯ ಅಂದಮೇಲೆ ಮನುಷ್ಯ ಯಾರಾದರೇನು? ಇದನ್ನು ಪರೀಕ್ಷಿಸಿ ನೋಡಿದವನು ವಿಲ್‌ಹೆಲ್ಮ್ ಫೋಕ್ಟ್ ಎಂಬ ಚಮ್ಮಾರ. ಜೈಲಿನಿಂದ ಹೊರಬಂದವನಿಗೆ ಎಲ್ಲೂ ನೆಲೆಸಲು ಬಿಡದೆ ಪೊಲೀಸರು ಊರಿಂದ ಊರಿಗೆ ಅಟ್ಟಿದ್ದರು. 1906ರ ಅಕ್ಟೋಬರ್‌ನಲ್ಲಿ ಹಳೇ ಕ್ಯಾಪ್ಟನ್ ಯೂನಿಫಾರಂ ತೊಟ್ಟ. ಬೀದಿಯಲ್ಲಿ ಸಿಕ್ಕ ಸಿಪಾಯಿಗಳಿಗೆ ‘ನಡೀರಿ’ ಅಂದ, ನಡೆದರು. ಬರ್ಲಿನ್ ಪಕ್ಕದ ಕೋಪೆನಿಕ್ ಪುರಸಭೆಗೆ ನುಗ್ಗಿ ಮೇಯರನ್ನೇ ಬಂಧಿಸಿದ. ಖಜಾನೆಯ ಮೂರೂವರೆ ಸಾವಿರಕ್ಕೂ ಜಾಸ್ತಿ ಮಾರ್ಕ್ ಎಣಿಸಿಕೊಂಡು, ಕ್ರಮವಾಗಿ ರಸೀದಿಯನ್ನೂ ಬರೆದುಕೊಟ್ಟ. ಸಿಕ್ಕಿಬಿದ್ದ, ನಿಜ. ಆದರೆ ದೇಶವೆಲ್ಲ ನಕ್ಕಿತ್ತು. 1908ರಲ್ಲಿ ಕೈಸರ್, ಅಂದರೆ ಜರ್ಮನ್ ಚಕ್ರವರ್ತಿ, ಕ್ಷಮಿಸಿ ಬಿಡಿಸಿದ. ಈಗ ಅದೇ ಪುರಸಭೆಯ ಬಾಗಿಲಲ್ಲಿ ಫೋಕ್ಟ್‌ನ ಪ್ರತಿಮೆ ನಿಂತಿದೆ, ಯೂನಿಫಾರಂ ಸಮೇತ.